ಮನುಷ್ಯರ ಎಕ್ಸ್‌ರೇ ಬಂದರೆ ದನದ್ದೂ ಬರಬೇಕಲ್ವಾ?

ಪಶು ಆಸ್ಪತ್ರೆಗಳ ತಂತ್ರಜ್ಞರಿಗೆ ಎಕ್ಸ್‌ರೇ ಕಲಿಸುವುದು ನನ್ನ ಕೆಲಸ ಅಂತ ಗೊತ್ತಾದ ಕೂಡಲೇ ಶಿವಮೊಗ್ಗದಲ್ಲಿ ಎಲ್ಲರೂ ಕೇಳುವುದು ಒಂದೇ: "ಅಲ್ಲ ಮಾರಾಯ್ರೆ, ಮನುಷ್ಯರದ್ದು ತೆಗೆಯೋಕೆ ಬಂದ್ರೆ ದನದ್ದೂ ಬರ್ಬೇಕಲ್ವಾ? ಅದಕ್ಕೆ ಬೇರೆ ತರಬೇತಿ ಯಾಕೆ?" ಕೆಲವರದು ಬರೀ ಕುತೂಹಲ. ಇನ್ನು ಕೆಲವರ ಮನೆಯಲ್ಲಿ ಎಕ್ಸ್‌ರೇ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಮಗನೋ ಮಗಳೋ ಇರುತ್ತಾರೆ. ಆ ಕಾರಣಕ್ಕೇ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯಂತ್ರ ಒಂದೇ, ಕಿರಣವೂ ಒಂದೇ. ಕೆವಿ (ಕಿರಣ ಎಷ್ಟು ಒಳಹೊಗಬೇಕು), ಎಂಎಎಸ್ (ಎಷ್ಟು ಕಿರಣ ಬೇಕು) ಲೆಕ್ಕ ಬಲ್ಲವರಿಗೆ ಅದನ್ನು ಮತ್ತೆ ಕಲಿಸಬೇಕಿಲ್ಲ. ವ್ಯತ್ಯಾಸ ಇರುವುದು ಟೇಬಲ್ ಮೇಲೆ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂದರೆ ಮನುಷ್ಯ ಕೇಳುತ್ತಾನೆ, ನಾಯಿ ಕೇಳೀತೇ? ಎದೆಯ ಚಿತ್ರಕ್ಕೆ ಅದು ಉಸಿರು ಪೂರ್ತಿ ಎಳೆದ ಗಳಿಗೆ ಬೇಕು, ಹೊಟ್ಟೆಗಾದರೆ ಪೂರ್ತಿ ಬಿಟ್ಟ ಗಳಿಗೆ. ಪಕ್ಕೆ ನೋಡುತ್ತಾ ಕಾಯಬೇಕು. ಏದುಸಿರು ಬಿಡುವ ನಾಯಿಯಾದರೆ ಎಂಎ, ಅಂದರೆ ಟ್ಯೂಬಿನ ಕರೆಂಟು, ಏರಿಸಿ, ಸಮಯವನ್ನು ಸೆಕೆಂಡಿನ ಸಣ್ಣ ಭಾಗಕ್ಕೆ ಇಳಿಸಬೇಕು. ಸ್ಕೂಟರಿಗೆ ಸಿಕ್ಕಿ ಉಸಿರಿಗೆ ಒದ್ದಾಡುತ್ತಿರುವ ನಾಯಿಯನ್ನಂತೂ ಬೆನ್ನ ಮೇಲೆ ಮಲಗಿಸಲೇಬಾರದು. ಪುಸ್ತಕದ ಭಂಗಿಗಾಗಿ ಹಟ ಹಿಡಿದರೆ ಅದು ಟೇಬಲ್ ಮೇಲೇ ಸಾಯಬಹುದು. ಎದೆ ಕೆಳಗಾಗಿ ಮಲಗಿಸಿಯೇ ತೆಗೆಯಬೇಕು, ಇಲ್ಲವೇ ಮೊದಲು ಆಕ್ಸಿಜನ್ ಕೊಟ್ಟು ಚಿತ್ರ ಮುಂದೂಡಬೇಕು.

ದನದ ವಿಷಯವೇ ಬೇರೆ. ನಮ್ಮ ಮಲೆನಾಡು ಗಿಡ್ಡ ಪುಟ್ಟ ಜಾತಿ. ಅದರ ಪಕ್ಕದಲ್ಲಿ ವಿದೇಶಿ ತಳಿಯ ದೊಡ್ಡ ಎಚ್‌ಎಫ್ ಹಸು ನಿಂತರೆ ಒಂದಕ್ಕೆ ಹಾಕಿದ ಲೆಕ್ಕ ಇನ್ನೊಂದಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲು ಮೈಯ ದಪ್ಪ ಅಳೆಯುವುದನ್ನೇ ಕಲಿಸುತ್ತೇವೆ. ಸುಮಾರು 10 ಸೆಂಟಿಮೀಟರ್ ದಾಟಿದರೆ ಚದುರಿದ ಕಿರಣ ಚಿತ್ರವನ್ನು ಮಬ್ಬು ಮಾಡುತ್ತದೆ, ಅದನ್ನು ತಡೆಯುವ ಸೀಸದ ಪಟ್ಟಿಗಳ ಫಲಕ, ಅಂದರೆ ಗ್ರಿಡ್ ಬೇಕು. ಕೈಯಲ್ಲಿ ಹೊತ್ತೊಯ್ಯುವ ಸಣ್ಣ ಯಂತ್ರದಲ್ಲಿ ಗೊರಸು, ಕಾಲು ಚೆನ್ನಾಗಿ ಬರುತ್ತವೆ. ದೊಡ್ಡ ಹಸುವಿನ ಎದೆ ದಾಟುವ ಶಕ್ತಿ ಅದಕ್ಕಿಲ್ಲ. ಇದನ್ನು ರೈತರಿಗೆ ಮೊದಲೇ ಹೇಳಿಬಿಟ್ಟರೆ ಹೊಸನಗರದಿಂದ ಗಾಡಿ ಬಾಡಿಗೆ ಕೊಟ್ಟು ಬರುವುದಾದರೂ ತಪ್ಪುತ್ತದೆ.

ತಂತಿ ನುಂಗಿದ ಹಸುವನ್ನೇ ನೋಡಿ. ತಂತಿ ಹೋಗಿ ಕೂರುವುದು ಎರಡನೇ ಹೊಟ್ಟೆಯಲ್ಲಿ. ಅದರ ಮುಂದೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ), ವಪೆಯಾಚೆ ಹೃದಯ. ಹೊಟ್ಟೆ ಹಿಂಡಿದಂತೆಲ್ಲ ತಂತಿ ಮುಂದಕ್ಕೆ ಚುಚ್ಚುತ್ತದೆ. ಮನುಷ್ಯರ ಆಸ್ಪತ್ರೆಯಿಂದ ಬಂದವರು ಇಲ್ಲಿ "ಮಲಗಿಸಿ ತೆಗೆಯೋಣ" ಅನ್ನುತ್ತಾರೆ. ಆದರೆ ಮಲಗಿದ ದನದ ಹೊಟ್ಟೆಯ ಗಾಳಿ ತೇಗಿನಲ್ಲಿ ಹೊರಬರದೆ ಹೊಟ್ಟೆ ಉಬ್ಬರಿಸುತ್ತದೆ. ಮಂಪರು ಮದ್ದೂ ಅಷ್ಟೇ ಸೂಕ್ಷ್ಮ. ಜೈಲಜೀನ್ ಕುದುರೆಗೆ ಕೊಡುವುದರ ಹತ್ತನೇ ಒಂದು ಪಾಲು ದನಕ್ಕೆ ಸಾಕು. ಅದು ಡಾಕ್ಟರ ತೀರ್ಮಾನ, ನಿಜ, ಆದರೂ ಪಕ್ಕದಲ್ಲಿ ನಿಂತವರಿಗೆ ಗೊತ್ತಿರಬೇಕು. ಹಾಗಾಗಿ ದನ ನಿಲ್ಲಿಸಿ ಕಟ್ಟುವ ಚೌಕಟ್ಟಾದ ಟ್ರೆವಿಸ್‌ನಲ್ಲಿ ನಿಲ್ಲಿಸಿ, ಮೊಣಕೈ ಹಿಂದಿನ ಕೆಳಭಾಗಕ್ಕೆ ಪಕ್ಕದಿಂದ ಗುರಿಯಿಟ್ಟು ತೆಗೆಯುತ್ತೇವೆ. ಹೊಟ್ಟೆಯ ತಳದಲ್ಲಿ ಸುಮ್ಮನೆ ಬಿದ್ದಿರುವ ಮೊಳೆಗಿಂತ, ತಳ ಬಿಟ್ಟು ಓರೆಯಾಗಿ ನಿಂತ ತಂತಿ ಕಂಡರೆ ಡಾಕ್ಟರ್ ಎಚ್ಚರವಾಗುತ್ತಾರೆ.

ಮಳೆಗಾಲದ್ದು ನಮ್ಮೂರಿನದೇ ತೊಂದರೆ. ನೆನೆದ ಕೂದಲು, ಒಣಗಿದ ಕೆಸರು, ಗಾಯಕ್ಕೆ ಹಚ್ಚಿದ ಅಯೋಡಿನ್ ಎಲ್ಲವೂ ಚಿತ್ರದಲ್ಲಿ ಬೆಳ್ಳನೆಯ ಕಲೆಯಾಗಿ ಮೂಡುತ್ತವೆ. ಮೂಳೆಯ ಚೂರೋ ಕೆಸರೋ ಎಂದು ತಲೆ ಕೆಡಿಸಿಕೊಳ್ಳುವ ಬದಲು ಮೊದಲು ಒರೆಸಿ ಅನ್ನುತ್ತೇನೆ. ಹಂದಿಗೆ ಇಟ್ಟ ಸಿಡಿಮದ್ದು ಕಚ್ಚಿ ದವಡೆ ಒಡೆದುಕೊಂಡ ದನದಲ್ಲಂತೂ ಚೂರು ಯಾವುದು, ಕಲ್ಲು ಯಾವುದು ಎಂಬುದೇ ದೊಡ್ಡ ಪ್ರಶ್ನೆ. ಅಲ್ಲಿ ಒಂದೇ ಚಿತ್ರ ನಂಬುವಂತಿಲ್ಲ, ಒಂದಕ್ಕೊಂದು ಅಡ್ಡವಾಗಿ ಎರಡಾದರೂ ಬೇಕು.

ನನ್ನ ಪ್ರಕಾರ ಬೇರೆ ತರಬೇತಿ ಬೇಕೇ ಬೇಕು ಅನ್ನುವುದಕ್ಕೆ ದೊಡ್ಡ ಕಾರಣ ಕೈ. ಮನುಷ್ಯರನ್ನು ಯಾರೂ ಹಿಡಿದುಕೊಳ್ಳಬೇಕಿಲ್ಲ. ಪ್ರಾಣಿಯನ್ನು ಎಲ್ಲರೂ ಹಿಡಿಯಲು ಬರುತ್ತಾರೆ. ಯಜಮಾನರು, ಅವರ ಭಾವ, ಕೊನೆಗೆ ಆಟೋದವನೂ. ಕಿರಣ ಕೆಲಸದವರಿಗೆ ನಮ್ಮ ದೇಶದ ನಿಯಮ ಹಾಕಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗುವ ಕಿರಣದ ಅಳತೆ), ಯಾವುದೇ ಒಂದು ವರ್ಷ 30 ದಾಟಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1. ಒಂದು ಚಿತ್ರದಿಂದ ಯಾರಿಗೂ ಏನೂ ಆಗದು. ದಿನವೂ ಅದೇ ಕೈ ಹಿಡಿಯುತ್ತಿದ್ದರೆ ಲೆಕ್ಕ ಬೇರೆ. ಸೀಸದ ಏಪ್ರನ್ ಚದುರಿದ ಕಿರಣಕ್ಕೆ ತಡೆಯೇ ಹೊರತು ನೇರ ಕಿರಣದಲ್ಲಿ ಕೈಯಿಡಲು ಪರವಾನಗಿಯಲ್ಲ. ಮರಳುಚೀಲ, ಹಗ್ಗ, ಸ್ಪಂಜು, ಬೇಕಾದರೆ ಮಂಪರು, ಇವುಗಳಿಂದ ಪ್ರಾಣಿಯನ್ನು ನಿಲ್ಲಿಸುವುದನ್ನೇ ನಾವು ಹೆಚ್ಚು ಹೊತ್ತು ಕಲಿಸುವುದು. ಹಿಡಿಯಲೇಬೇಕಾದರೆ ಏಪ್ರನ್, ಗ್ಲೌಸ್ ತೊಟ್ಟವರು ಸರದಿಯಲ್ಲಿ ಹಿಡಿಯುತ್ತಾರೆ, ಗರ್ಭಿಣಿಯರು ಮತ್ತು ಮಕ್ಕಳು ಹೊರಗೆ. ದೂರ ಎರಡರಷ್ಟಾದರೆ ಕಿರಣ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ ಅಂತ ಹೇಳಿದರೆ ಆಟೋದವನೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.

ಅಲ್ಟ್ರಾಸೌಂಡಿನಲ್ಲಿ ಈ ಭಯವಿಲ್ಲ. ಹಸು ಗಬ್ಬವೋ ಅಲ್ಲವೋ ಎಂದು ತಿಂಗಳೊಪ್ಪತ್ತಿಗೇ ನೋಡಬಹುದು. ಆದರೆ ಅಲ್ಲಿ ಚಿತ್ರ ತೆಗೆಯುವ ಕೈಯೇ ಅರ್ಧ ಓದಿಬಿಡುವುದರಿಂದ ಕಲಿಯಲು ಹೆಚ್ಚು ಕಾಲ ಹಿಡಿಯುತ್ತದೆ.

ಹಾಗಾದರೆ ಡಿಪ್ಲೊಮಾ ಮುಗಿಸಿದ ನಿಮ್ಮ ಮಗ ಬರಬಹುದೇ? ಖಂಡಿತ ಬರಲಿ, ಯಂತ್ರದ ಪಾಠ ಅವನಿಗೆ ಬೇಗ ಮುಗಿಯುತ್ತದೆ. ಆದರೆ ಶುರುವಿಗೆ ನಾನು ಅವನನ್ನು ಕಳಿಸುವುದು ಎಕ್ಸ್‌ರೇ ಕೋಣೆಗಲ್ಲ, ಕೊಟ್ಟಿಗೆಗೆ. ದನದ ಹತ್ತಿರ ಯಾವ ಕಡೆಯಿಂದ ಹೋಗಬೇಕು, ಒದೆಯುವ ಮೊದಲು ಅದು ಏನು ಮಾಡುತ್ತದೆ, ಅದನ್ನು ಕಲಿತು ಬರಲಿ.