ನಂದಿ ಹಾಲ್ಟ್ ಮಾಡೆಲ್: ಹೆಂಚಿನ ಮಾಡು ಕೊನೆಗೂ ಕೂತಿತು!

ನಂದಿ ಬೆಟ್ಟದ ಬಳಿಯ ಹಳೇ ರೈಲು ನಿಲ್ದಾಣ ನಂದಿ ಹಾಲ್ಟ್‌ನ ಪುಟ್ಟ ಮಾಡೆಲ್ ಕಟ್ಟುತ್ತಿದ್ದೇನೆ. ಗೋಡೆ, ಪ್ಲಾಟ್‌ಫಾರ್ಮ್ ಎಲ್ಲ ಮುಗಿದು ತಿಂಗಳುಗಳೇ ಆದವು. ಸತಾಯಿಸಿದ್ದು ಮಾಡು. ಮಂಗಳೂರು ಹೆಂಚಿನ ಅಳತೆ ಸುಮಾರು 410 × 235 ಮಿ.ಮೀ. ನನ್ನ ಮಾಡೆಲ್‌ನ ಅಳತೆ 1:87ಕ್ಕೆ (ನಿಜದ 87ರಲ್ಲಿ ಒಂದು ಪಾಲು) ಇಳಿಸಿದರೆ 4.7 × 2.7 ಮಿ.ಮೀ. ರೀಪಿನಿಂದ ರೀಪಿಗೆ (ಹೆಂಚು ಕೂರುವ ಮರದ ಪಟ್ಟಿ) 320 ಅಂತ ಹಿಡಿದರೆ ಕಣ್ಣಿಗೆ ಕಾಣುವ ಭಾಗ ಬರೀ 3.7. ಅಷ್ಟರಲ್ಲಿ ಎರಡು ಗಾಡಿ (ತೋಡು) ಕಾಣಬೇಕು, ಸಾಲಿನ ಮೇಲೆ ಸಾಲು ಏರಿದ್ದೂ ಗೊತ್ತಾಗಬೇಕು.

ರೆಸಿನ್ 3ಡಿ ಪ್ರಿಂಟ್‌ನಲ್ಲಿ ಹೆಂಚು ಚೆನ್ನಾಗಿಯೇ ಬರುತ್ತಿತ್ತು. ಆದರೆ ತೆಳು ಹಾಳೆ ಕ್ಯೂರ್ ಆಗುವಾಗ (ಬೆಳಕಿಗೆ ಗಟ್ಟಿಯಾಗುವಾಗ) ಕುಗ್ಗಿ, ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುದುಡುತ್ತಿತ್ತು. ದಪ್ಪ ಮಾಡಿದರೆ ಸೂರಿನ ಅಂಚು ಕಾಂಕ್ರೀಟ್ ಸ್ಲ್ಯಾಬ್! ಲೇಸರ್‌ನಲ್ಲಿ ಕತ್ತರಿಸಿದ ಕಾಗದ ಗೋಂದು ಕುಡಿದು ಉಬ್ಬಿತು.

ದಾರಿ ತೋರಿದ್ದು ಅದೇ ರೆಸಿನ್. ಅದರಲ್ಲಿ ಹೆಂಚು ಮಾಡುವ ಬದಲು ಹೆಂಚಿನ ಅಚ್ಚು ಮಾಡಿದೆ, ಗಂಡು–ಹೆಣ್ಣು ಎರಡು ತುಂಡು. ನಡುವೆ 0.1 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯಿಟ್ಟು ವೈಸ್‌ನಲ್ಲಿ ಒತ್ತಿದರೆ ಒಂದು ಸಾಲು ಹೆಂಚು ತಯಾರು. ಸೂರಿನಿಂದ ನೆತ್ತಿಯ ಕಡೆಗೆ, ನಿಜವಾದ ಮಾಡಿಗೆ ಹೊದಿಸುವ ಕ್ರಮದಲ್ಲೇ ಅಂಟಿಸುತ್ತ ಹೋದೆ. ದೀಪವನ್ನು ಓರೆಯಾಗಿ ಹಿಡಿದಾಗ ಪ್ರತಿ ಸಾಲಿನ ಕೆಳಗೂ ಸಣ್ಣ ನೆರಳು ಬಿತ್ತು. ಕುಣಿದುಬಿಟ್ಟೆ.

ಬಣ್ಣದ್ದು ಬೇರೆ ಲೆಕ್ಕ. ನಿಲ್ದಾಣ ಕಟ್ಟಿದ್ದು 1915ರಲ್ಲಿ, ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲ. ನಾನು ತೋರಿಸುತ್ತಿರುವುದು 1927, ಗಾಂಧೀಜಿ ವಿಶ್ರಾಂತಿಗೆಂದು ನಂದಿ ಬೆಟ್ಟದಲ್ಲಿದ್ದ ಬೇಸಿಗೆ. ಹನ್ನೆರಡು ಮಳೆಗಾಲ ಕಂಡ ಹೆಂಚು ಅಪ್ಪಟ ಕೆಂಪಾಗಿರಲು ಸಾಧ್ಯವಿಲ್ಲ. ಹಾಗಾಗಿ ಇಟ್ಟಿಗೆ ಬಣ್ಣದ ಮೇಲೆ ಕಪ್ಪು–ಕಂದು ತೆಳು ವಾಶ್, ಒಡೆದು ಬದಲಿಸಿದಂತೆ ಅಲ್ಲಲ್ಲಿ ಒಂದೊಂದು ಹೊಸ ಕೆಂಪು ಹೆಂಚು.

ಹಳಿಯ ಗೋಳು ಕೇಳಿ. ಆಗಿನ ನ್ಯಾರೋಗೇಜ್‌ನಲ್ಲಿ ಹಳಿಗಳ ನಡುವಿನ ಅಂತರ 762 ಮಿ.ಮೀ., 87ರಿಂದ ಭಾಗಿಸಿದರೆ 8.76. ಎಚ್‌ಒಇ (1:87ರ ನ್ಯಾರೋಗೇಜ್ ಮಾಡೆಲ್) ಹಳಿಯ 9 ಮಿ.ಮೀ. ಹೇಳಿ ಮಾಡಿಸಿದ ಜೋಡಿ. ಅಂಗಡಿಯವನು ಕಳಿಸಿದ್ದು ಎನ್ ಸ್ಕೇಲ್ (ಇನ್ನೂ ಚಿಕ್ಕ ಅಳತೆಯ ಮಾಡೆಲ್) ಹಳಿ. ಫೋನ್ ಮಾಡಿದರೆ "ಎರಡೂ ಒಂಬತ್ತೇ ಅಲ್ವಾ ಸಾರ್?" ಅಂತಾನೆ. ಸ್ಲೀಪರ್‌ಗಳು ಬಾಚಣಿಗೆ ಹಲ್ಲಿನಷ್ಟು ಒತ್ತೊತ್ತಾಗಿರುವುದು ಯಾರ ತಲೆನೋವು? ವಾಪಸ್ ತಗೊಳ್ಳಲ್ಲವಂತೆ. ಒಂದು ಬಿಟ್ಟು ಒಂದು ಸ್ಲೀಪರ್ ಕತ್ತರಿಸುತ್ತಾ ಕೂತಿದ್ದೇನೆ.

ಅದನ್ನು ಕತ್ತರಿಸುತ್ತಲೇ ಮುಂದಿನದು ತಲೆಗೆ ಬಂತು: ತರೀಕೆರೆ–ನರಸಿಂಹರಾಜಪುರ ಹಳೇ ರೈಲು ಲೈನ್. ಎರಡಡಿ ಗೇಜ್, ಅಂದರೆ 610 ಮಿ.ಮೀ., 1:87ರಲ್ಲಿ ಸರಿಯಾಗಿ 7. ಅಂಗಡಿಯಲ್ಲಿ ಸಿಗುವ ಪುಟ್ಟ ಝಡ್ ಗೇಜ್ ಮಾಡೆಲ್ ಹಳಿಯ 6.5 ಸ್ವಲ್ಪ ಸಣ್ಣದೇ, ಆದರೂ ಮಲೆನಾಡಿನ ಕಾಡಿನ ನಡುವೆ ಆ ಪುಟ್ಟ ಗಾಡಿ ಓಡಿಸುವ ಆಸೆ ಬಿಡುತ್ತಿಲ್ಲ.

ಮತ್ತೆ ನಂದಿಗೆ ಬರೋಣ. 1990ರ ದಶಕದಲ್ಲಿ ಅಲ್ಲಿನ ಮಾರ್ಗ ಬ್ರಾಡ್‌ಗೇಜ್ ಆಯಿತು, ನಂದಿಯ ಹಳೇ ಕಟ್ಟಡ ಬಳಕೆಯಿಲ್ಲದೆ ಉಳಿಯಿತು. ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಘಟಕ ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದ್ದು ನಮ್ಮ ಭಾಗ್ಯ. ಮಾಡಿನ ಒಳಗಿನ ಪಕಾಸು (ಓರೆ ತೊಲೆ)–ರೀಪುಗಳ ಅಂತರ ಯಾರಾದರೂ ಅಳೆದಿದ್ದರೆ ದಯವಿಟ್ಟು ಕಳಿಸಿ. ಮುಂದಿನ ವಾರ ಮಾಡಿನ ಒಳಮೈ ಶುರು.