ಕಬ್ಬಿನ ಗದ್ದೆ ನಡುವೆ ಹೆಸರುಗಳ ಗೋಡೆ

ನಾನು ಮಂಡ್ಯದ ಕಡೆಯವಳು. ಕಬ್ಬು ಕಂಡರೆ ಊರು ನೆನಪಾಗುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ ಹಿಂದೆ ಗುಲಾಮರು ದುಡಿದ, ಈಗ ಮ್ಯೂಸಿಯಂ ಆಗಿರುವ ತೋಟ, ವಿಟ್ನಿ ಪ್ಲಾಂಟೇಶನ್‌ಗೆ ಹೋದ ದಿನವೂ ಹಾಗೇ ಆಯಿತು. ರಸ್ತೆಯ ಒಂದು ಕಡೆ ಹುಲ್ಲು ಬೆಳೆದ ಎತ್ತರದ ಏರಿ, ಅದರಾಚೆ ಮಿಸಿಸಿಪಿ ನದಿ. ಇನ್ನೊಂದು ಕಡೆ ಕಬ್ಬೋ ಕಬ್ಬು.

ಒಳಗೆ ಹೋದರೆ ದೊಡ್ಡ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳು. ಅಲ್ಲೇ ನಿಂತುಬಿಟ್ಟೆ. ಚಿಕ್ಕಂದಿನಲ್ಲಿ ಆಲೆಮನೆಯ ಮುಂದೆ ಬಿಸಿ ಬೆಲ್ಲಕ್ಕೆ ಕೈಯೊಡ್ಡಿ ನಿಲ್ಲುತ್ತಿದ್ದೆವು. ಕೊಪ್ಪರಿಗೆ ಅಂದರೆ ನನಗೆ ಆ ಘಮ, ಆ ಖುಷಿ. ಇಲ್ಲಿ ಕುದಿಯುವ ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಯಿಂದ ಚಿಕ್ಕದಕ್ಕೆ, ಅದರಿಂದ ಇನ್ನೂ ಚಿಕ್ಕದಕ್ಕೆ ಮೊಗೆದು ಹಾಕುತ್ತಿದ್ದವರು ಗುಲಾಮರು. ಚಳಿಗೆ ಕಬ್ಬು ಕೆಡುವ ಮೊದಲು ಎಲ್ಲ ಅರೆದು ಮುಗಿಸಬೇಕು. ಕಟಾವು ಶುರುವಾಯಿತೆಂದರೆ ಹಗಲು ರಾತ್ರಿ ಕೆಲಸ. ಸುಟ್ಟರೂ ನಿಲ್ಲಿಸುವಂತಿಲ್ಲ.

ಜರ್ಮನಿಯಿಂದ ಬಂದ ಆಂಬ್ರೋಸ್ ಹೈಡಲ್ 1752ರಲ್ಲಿ ಕೊಂಡ ಜಮೀನು ಇದು. ಮೊದಲು ಬಣ್ಣ ತೆಗೆಯುವ ನೀಲಿ ಗಿಡದ (ಇಂಡಿಗೊ) ಬೆಳೆ, ಆಮೇಲೆ ಸಕ್ಕರೆ. 1990ರ ಹೊತ್ತಿಗೆ ಫಾರ್ಮೋಸಾ ಎಂಬ ಪ್ಲಾಸ್ಟಿಕ್ ಕಂಪನಿ ಇಲ್ಲಿ ರೇಯಾನ್ ಕಾರ್ಖಾನೆ ಕಟ್ಟಲು ಹೊರಟಿತ್ತು. ಆಗ ಜಾಗದ ಇತಿಹಾಸದ ಸರ್ವೆ ಮಾಡಿಸಿತು. ಕಾರ್ಖಾನೆ ಬರಲಿಲ್ಲ, ಸರ್ವೆ ಉಳಿಯಿತು. ಆಮೇಲೆ ಜಮೀನು ಕೊಂಡ ವಕೀಲ ಜಾನ್ ಕಮಿಂಗ್ಸ್ 2014ರಲ್ಲಿ ಇದನ್ನು ಮ್ಯೂಸಿಯಂ ಮಾಡಿ ತೆರೆದರು.

ನಮ್ಮಲ್ಲಿ ಸರ್ವೆ ಅಂದರೆ ಚೈನು, ಬಾಂದುಕಲ್ಲು, ಪಹಣಿ. ಪಹಣಿಯಲ್ಲಿ ಇರುವುದು ಯಜಮಾನನ ಹೆಸರು. ಕಬ್ಬು ಕಡಿದವರ ಹೆಸರು ಅಲ್ಲಿ ಎಲ್ಲಿ ಬರುತ್ತದೆ? ಇಲ್ಲಿನ ಹಳೇ ಆಸ್ತಿ ಪಟ್ಟಿಗಳಲ್ಲಿ ಅವರ ಹೆಸರೂ ಇದೆ. ಆದರೆ ದನ, ಸಾಮಾನಿನ ಜೊತೆ, ಬೆಲೆ ಸಮೇತ. ಆ ಸಾಲುಗಳನ್ನು ಓದುವುದು ಕಷ್ಟ. ಆದರೆ ಅದೇ ಕಾಗದಗಳಿಂದ ಹೆಸರುಗಳನ್ನು ಹೆಕ್ಕಿ ಕಲ್ಲಿನ ಗೋಡೆಯ ಮೇಲೆ ಕೆತ್ತಿದ್ದಾರೆ. ಈ ಒಂದೇ ಜಮೀನಿನಲ್ಲಿ ದುಡಿದವರು 350ಕ್ಕೂ ಜಾಸ್ತಿ ಜನ. ವಯಸ್ಸೆಷ್ಟು, ಆಫ್ರಿಕಾದ ಯಾವ ಕಡೆಯವರು, ಯಾವ ಕೆಲಸ ಬರುತ್ತಿತ್ತು, ಸಿಕ್ಕಷ್ಟನ್ನೂ ಬರೆದಿದ್ದಾರೆ.

ಗೈಡ್ ಮುಂದೆ ಹೋಗಿದ್ದರು. ನಾನು ಬೆರಳಿಟ್ಟು ಒಂದೊಂದೇ ಹೆಸರನ್ನು ಬಾಯಿಬಿಟ್ಟು ಓದಿದೆ. ಎಷ್ಟೋ ಫ್ರೆಂಚ್ ಹೆಸರುಗಳು, ನನ್ನ ಉಚ್ಚಾರ ತಪ್ಪಿರಬಹುದು. ಆ ಸಾಲು ಮುಗಿಯುವವರೆಗೂ ಓದಿದೆ.