ಪ್ರೈಮರ್ ಒಣಗುವ ಮೊದಲೇ

27 ಜುಲೈ 2025, ಆದಿತ್ಯವಾರ
ಬಿಜೈ, ಮಂಗಳೂರು

ಬೆಳಗ್ಗೆಯಿಂದ ಒಂದೇ ಸಮನೆ ಮಳೆ. ಆಟಿ ತಿಂಗಳು ಅಲ್ವಾ, ಬಿಡುವ ಲಕ್ಷಣವೇ ಇಲ್ಲ. ನಿನ್ನೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ಕಪ್ಪು ಸ್ಪ್ರೇ, ಹೊಡೆದು ಬಾಲ್ಕನಿಯಲ್ಲಿ ಇಟ್ಟಿದ್ದ ಹತ್ತು ಪುಟ್ಟ ಪ್ಲಾಸ್ಟಿಕ್ ಸೈನಿಕರನ್ನು ಎದ್ದ ಕೂಡಲೇ ಹೋಗಿ ನೋಡಿದೆ. ಕಪ್ಪಗೆ ಇರಬೇಕಿತ್ತು. ಉಪ್ಪಿನಕಾಯಿಗೆ ಬೂಸ್ಟು ಬಂದ ಹಾಗೆ ಮೈಯೆಲ್ಲ ಬೆಳ್ಳಗಾಗಿದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸ್ಪ್ರೇ ಹೀಗೇ ಕೈಕೊಡುತ್ತದೆ. ತಪ್ಪು ನನ್ನದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಡಬ್ಬಿ ಮುಟ್ಟಬಾರದು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಪ್ರತಿ ವರ್ಷ ಜುಲೈಯಲ್ಲಿ ಒಂದು ಸಂಜೆ ಸ್ವಲ್ಪ ಹೊಳವು ಕಂಡರೆ ತಡೆಯಲು ಆಗುವುದಿಲ್ಲ.

ಈ ಸಲ ಅವಸರಕ್ಕೆ ಕಾರಣ ಇತ್ತು. ಇವತ್ತು ಆಟ ಇತ್ತು, ಇಂಥ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಇಳಿಸಿ ಡೈಸ್ ಉರುಳಿಸಿ ಆಡುವ ಯುದ್ಧದಾಟ. ನನ್ನ ಸೈನ್ಯದಲ್ಲಿ ಹತ್ತು ಜನ ಕಡಿಮೆ ಇದ್ದರು. ಆ ಕಥೆ ಆಮೇಲೆ.

ಹತ್ತು ಗಂಟೆಗೆ ಸುರತ್ಕಲ್‌ನ ಹುಡುಗ ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. ರೇನ್‌ಕೋಟಿನ ಒಳಗೆ ಮಗುವನ್ನು ಹಿಡಿದ ಹಾಗೆ ಶೂ ಡಬ್ಬಿ ಹಿಡಿದಿದ್ದ. ಡಬ್ಬಿಯೊಳಗೆ ಹೊಸ ಸೈನ್ಯ, ಎಲ್ಲ ಬೂದು ಪ್ಲಾಸ್ಟಿಕ್, ಒಂದಕ್ಕೂ ಬಣ್ಣ ಇಲ್ಲ. ಊಟದ ಮೇಜಿನ ಮೇಲೆ ಎರಡು ಪ್ಲೈವುಡ್ ಹಲಗೆ ಜೋಡಿಸಿ, ಬೆಂಡಿನ ಗೋಡೆಗಳನ್ನು ಇಟ್ಟು, 2,000 ಪಾಯಿಂಟಿನ ಆಟ ಶುರು ಮಾಡಿದೆವು. ಪಾಯಿಂಟ್ ಅಂದರೆ ಒಂದೊಂದು ದಳದ ಬೆಲೆ, ಇಬ್ಬರೂ ಅಷ್ಟೇ ಬೆಲೆಯ ಸೈನ್ಯ ಕಟ್ಟಬೇಕು. ಐದು ಸುತ್ತಿನ ಆಟ. ಎರಡನೇ ಸುತ್ತಿಗೇ ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಅಮ್ಮ ಗೋಳಿಬಜೆ ತಂದು ಇಡುವಾಗ ನಾನು ಆಗಲೇ ಸತ್ತವರನ್ನು ಡಬ್ಬಿಗೆ ತುಂಬಿಸುತ್ತಿದ್ದೆ.

"ಸಾರಿ ಅಣ್ಣ, ಇದು ಸ್ವಲ್ಪ ಸ್ಟ್ರಾಂಗ್ ಉಂಟು" ಅಂದ ಹುಡುಗ. ಮುಖದಲ್ಲಿ ಸಾರಿ ಏನೂ ಇರಲಿಲ್ಲ.

ಎಷ್ಟು ಸ್ಟ್ರಾಂಗ್ ಅಂತ ಅವನು ಹೋದ ಮೇಲೆ ಕಾಗದದಲ್ಲಿ ಲೆಕ್ಕ ಹಾಕಿದೆ. ಇಂಥ ಆಟಗಳಲ್ಲಿ ಗುಂಡು ಹೊಡೆಯುವುದು ಅಂದರೆ ಮೂರು ಸಲ ಡೈಸ್ ಉರುಳಿಸುವುದು. ಮೊದಲು ಗುರಿ ತಾಗಿತಾ, ಆಮೇಲೆ ಗಾಯ ಆಯಿತಾ, ಕೊನೆಗೆ ಎದುರಿನವನ ಕವಚ ತಡೆಯಿತಾ. ಒಂದು ಸಾಧಾರಣ ದಳ 30 ಗುಂಡು ಹೊಡೆಯಿತು ಅನ್ನಿ. 3 ಅಥವಾ ಮೇಲೆ ಬಿದ್ದರೆ ತಾಗುತ್ತದೆ, ಅಂದರೆ ಸರಾಸರಿ 20. 4 ಅಥವಾ ಮೇಲೆ ಬಿದ್ದರೆ ಗಾಯ, 10. ನನ್ನ ಕವಚ 3 ಅಥವಾ ಮೇಲೆ ಬಿದ್ದರೆ ತಡೆಯುತ್ತದೆ, ಹಾಗಾಗಿ ಹತ್ತರಲ್ಲಿ ಮೂರು ಚಿಲ್ಲರೆ ಏಟು ಮಾತ್ರ ಒಳಗೆ ಬರುತ್ತದೆ.

ಈಗ ಇವನ ಹೊಸ ದಳ ನೋಡಿ. ಬಂದೂಕಿಗೆ ಕವಚ ಸೀಳುವ ಗುಣ ಒಂದೇ ಒಂದು ಮೆಟ್ಟಿಲು ಜಾಸ್ತಿ. ನನ್ನ 3 ಈಗ 4 ಆಯಿತು. ಓದುವಾಗ ಏನೂ ಅನ್ನಿಸುವುದಿಲ್ಲ. ಆದರೆ ಒಳಗೆ ಬರುವ ಏಟು ಮೂರು ಚಿಲ್ಲರೆಯಿಂದ ಐದಕ್ಕೆ ಹೋಯಿತು, ಒಂದೂವರೆ ಪಟ್ಟು. ಅದರ ಮೇಲೆ ತಪ್ಪಿದ ಡೈಸ್ ಮತ್ತೊಮ್ಮೆ ಉರುಳಿಸಲು ಬಿಡುವ ಒಬ್ಬ ನಾಯಕ ಪಕ್ಕದಲ್ಲಿ ನಿಂತಿದ್ದಾನೆ. 20 ತಾಗುವ ಕಡೆ 26, 27 ತಾಗುತ್ತದೆ. ಎರಡೂ ಸೇರಿದರೆ ಒಳಗೆ ಬರುವುದು ಹತ್ತಿರ ಹತ್ತಿರ ಆರು ಮುಕ್ಕಾಲು ಏಟು. ಸರಿಯಾಗಿ ಎರಡು ಪಟ್ಟು! ಎರಡು ಚಿಕ್ಕ ಚಿಕ್ಕ ಸವಲತ್ತು, ಒಂದೊಂದನ್ನೇ ನೋಡಿದರೆ ಯಾರೂ ಗಲಾಟೆ ಮಾಡುವ ಹಾಗಿಲ್ಲ. ಅವು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಪಾಯಿಂಟ್ ಮಾತ್ರ ಎರಡು ಪಟ್ಟು ಆಗಿಲ್ಲ.

ಇದನ್ನೇ ಆಟದವರು ಪವರ್ ಕ್ರೀಪ್ ಅನ್ನುವುದು. ಹೊಸದು ಬಂದ ಹಾಗೆ ಹಳೆಯದು ಸಪ್ಪೆ ಆಗುತ್ತಾ ಹೋಗುವ ರೋಗ. ಹೊಸ ಡಬ್ಬಿ ಖರ್ಚಾಗಲಿ ಅಂತ ಬೇಕಂತಲೇ ಮಾಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಜೊತೆ ಆಡುವ ಬೆಂದೂರಿನ ಡಾಕ್ಟರ್ ಅಂತೂ ಬೇರೆ ಮಾತೇ ಆಡುವುದಿಲ್ಲ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಒಂದೊಂದು ಸೈನ್ಯದ ನಿಯಮದ ಪುಸ್ತಕಗಳು ಒಂದೊಂದಾಗಿ ಬರುತ್ತವೆ. ಬಿಡುಗಡೆಗೆ ಮೊದಲು ಆಡಿ ನೋಡುವವರು ಬೆರಳೆಣಿಕೆಯ ಜನ. ಬಿಡುಗಡೆಯಾದ ವಾರ ಜಗತ್ತಿನ ತುಂಬ ಸಾವಿರಾರು ಜನ ಅದನ್ನು ಹಿಂಡಿ ನೋಡುತ್ತಾರೆ, ಅದೂ ಬಿರುಕು ಎಲ್ಲಿ ಸಿಗುತ್ತದೆ ಅಂತಲೇ. ಈ ಬಗೆಯ ಆಟಗಳಲ್ಲಿ ದೊಡ್ಡದು ವಾರ್‌ಹ್ಯಾಮರ್ 40,000. 1987ರಿಂದ ಇದೆ. ಅದರಲ್ಲಿ 2022ರಲ್ಲಿ ಲೀಗ್ಸ್ ಆಫ್ ವೋಟನ್ ಅನ್ನುವ ಕುಳ್ಳರ ಸೈನ್ಯ ಬಂತು. ಪುಸ್ತಕ ಬಿಡಿಯಾಗಿ ಅಂಗಡಿಗೆ ಬರುವ ಮೊದಲೇ ಅದರ ಪಾಯಿಂಟ್ ಏರಿಸಬೇಕಾಯಿತು. ಮಾರಾಟವೇ ಮುಖ್ಯ ಆಗಿದ್ದರೆ ಸ್ವಲ್ಪ ದಿನ ಸುಮ್ಮನಿರುತ್ತಿದ್ದರು, ಅಲ್ವಾ?

ಹಾಗಂತ ದುಡ್ಡಿನ ವಾಸನೆ ಇಲ್ಲವೇ ಇಲ್ಲ ಅಂತಲೂ ಅಲ್ಲ. 2012ರಲ್ಲಿ ಬಂದ, ಸ್ಟಾರ್ ವಾರ್ಸ್ ಸಿನಿಮಾದ ಎಕ್ಸ್-ವಿಂಗ್ ಆಟ ನೆನಪಾಗುತ್ತದೆ. ಚಿಕ್ಕ ಚಿಕ್ಕ ಹಡಗು, ನೂರು ಪಾಯಿಂಟಿನ ತಂಡ. ಪಾಯಿಂಟನ್ನು ಕಾರ್ಡಿನ ಮೇಲೆಯೇ ಅಚ್ಚು ಹಾಕಿದ್ದರು. ಅಚ್ಚಾದ ಮೇಲೆ ಮುಗಿಯಿತು, ಹಡಗು ದುಬಾರಿ ಅಂತ ಗೊತ್ತಾದರೂ ಇಳಿಸುವ ಹಾಗಿಲ್ಲ. ಡಾರ್ತ್ ವೇಡರ್ ಹಾರಿಸುವ ಟೈ ಅಡ್ವಾನ್ಸ್ಡ್ ಹಾಗೆ ಮೂಲೆಗೆ ಬಿದ್ದಿತ್ತು. ಅದಕ್ಕೆ ಮದ್ದಾಗಿ ಸೊನ್ನೆ ಪಾಯಿಂಟಿನ ಒಂದು ಕಾರ್ಡ್ 2015ರಲ್ಲಿ ಬಂತು. ಬಂದದ್ದು ಎಲ್ಲಿ? ನೂರು ಡಾಲರ್ ಹತ್ತಿರದ ಇಂಪೀರಿಯಲ್ ರೈಡರ್ ಅನ್ನುವ ದೈತ್ಯ ಹಡಗಿನ ಡಬ್ಬಿಯೊಳಗೆ. ನೂರು ಪಾಯಿಂಟಿನ ಆಟಕ್ಕೆ ಆ ದೈತ್ಯ ಬರುತ್ತಲೇ ಇರಲಿಲ್ಲ. ಹಳೆಯ ಚಪ್ಪಲಿಗೆ ಉಂಗುಷ್ಠ ಬೇಕಾದರೆ ಹೊಸ ಸೂಟು ಕೊಳ್ಳಿ ಅಂದ ಹಾಗೆ. 2018ರ ಎರಡನೇ ಆವೃತ್ತಿಯಲ್ಲಿ ಬುದ್ಧಿ ಬಂದು ಪಾಯಿಂಟನ್ನು ಕಾರ್ಡಿನಿಂದ ತೆಗೆದು ಆ್ಯಪ್‌ಗೆ ಹಾಕಿದರು.

ಈಗ ಎಲ್ಲ ಕಡೆ ಅದೇ ದಾರಿ. ವಾರ್‌ಹ್ಯಾಮರ್‌ನಲ್ಲೂ 2021ರ ಕೊನೆಯಿಂದ ತಿದ್ದುಪಡಿಗಳ ಪುಕ್ಕಟೆ ಫೈಲು ಇಳಿಸಿಕೊಳ್ಳುವ ಪದ್ಧತಿ ಬಂದಿದೆ. ಪ್ರತಿ ಸೈನ್ಯದ ಗೆಲುವು ನೂರಕ್ಕೆ 45ರಿಂದ 55ರ ನಡುವೆ ಇರಬೇಕು ಅನ್ನುವುದು ಗುರಿ. ಟೂರ್ನಮೆಂಟ್ ಆಡುವವರಿಗೆ ಇದು ನಿಜಕ್ಕೂ ಒಳ್ಳೆಯದೇ.

ನನಗೆ ಮಾತ್ರ ಹೊಸ ತಲೆನೋವು. ಸೋಲುವ ಸೈನ್ಯವನ್ನು ಮೇಲೆತ್ತಲು ಸುಲಭದ ದಾರಿ ಯಾವುದು? ಅದರ ಪಾಯಿಂಟ್ ಇಳಿಸುವುದು. ನನ್ನ ಪಟ್ಟಿಯ ಒಂದೆರಡು ದಳಕ್ಕೂ ಹಾಗೆಯೇ ಇಳಿಯಿತು. ಖುಷಿಪಟ್ಟೆ. ಆಮೇಲೆ ಕೂಡಿಸಿ ನೋಡಿದರೆ 2,000 ತುಂಬುವುದಿಲ್ಲ! ಒಬ್ಬೊಬ್ಬನೂ ಅಗ್ಗ ಆದ, ಹಾಗಾಗಿ ಇನ್ನೂ ಹತ್ತು ಜನ ಬೇಕು. ಕೊಳ್ಳಬೇಕು, ಅಂಟಿಸಬೇಕು, ಪ್ರೈಮರ್ ಹೊಡೆಯಬೇಕು. ಅಂದರೆ ಬಾಲ್ಕನಿಯಲ್ಲಿ ಬೂಸ್ಟು ಬಂದು ನಿಂತಿರುವ ಆ ಹತ್ತು ಜನ. ವಾರ್‌ಹ್ಯಾಮರ್‌ನ ಅಡೆಪ್ಟಸ್ ಮೆಕಾನಿಕಸ್ ಸೈನ್ಯದವರು 2023ರ ಪುಸ್ತಕ ಬಂದಾಗಿನಿಂದ ಇದೇ ಗೋಳು ಹೇಳುತ್ತಿದ್ದಾರೆ. ಮೊದಲೇ ಸಪ್ಪೆ, ಅದನ್ನು ಸರಿ ಮಾಡಲು ಅಗ್ಗ ಮಾಡಿದರೆ ಮೇಜಿನ ಮೇಲೆ ಜಾತ್ರೆ.

ನಾನು ಒಬ್ಬ ಸೈನಿಕನಿಗೆ ಬಣ್ಣ ಹಚ್ಚಲು ಎರಡು ಸಂಜೆ ತೆಗೆದುಕೊಳ್ಳುತ್ತೇನೆ. ಆಫೀಸು, ಮನೆ, ಮಳೆಗಾಲ ಎಲ್ಲ ಕಳೆದು ಹತ್ತು ಜನ ಮುಗಿಯಬೇಕಾದರೆ ಮೂರು ತಿಂಗಳು. ಅಷ್ಟರಲ್ಲಿ ಮುಂದಿನ ಫೈಲು ಬಂದಿರುತ್ತದೆ. ಹುಡುಗನಿಗೆ ಈ ಸಮಸ್ಯೆಯೇ ಇಲ್ಲ, ಅವನು ಬೂದು ಪ್ಲಾಸ್ಟಿಕ್ಕನ್ನೇ ಇಳಿಸುತ್ತಾನೆ. ನಮ್ಮ ನಾಲ್ಕು ಜನರ ಮೇಜಿನಲ್ಲಿ ಯಾವ ಪುಸ್ತಕ ಬಲ ಅನ್ನುವುದಕ್ಕಿಂತ ಯಾರ ಬ್ರಷ್ಷು ನಿಧಾನ ಅನ್ನುವುದೇ ಗೆಲುವು ಸೋಲು ತೀರ್ಮಾನ ಮಾಡುತ್ತದೆ. ಅದಕ್ಕೆ ಯಾವ ಫೈಲಿನಲ್ಲೂ ಮದ್ದಿಲ್ಲ. ಡಾಕ್ಟರಿಗೆ ಇದನ್ನು ಫೋನಿನಲ್ಲಿ ಹೇಳಿದರೆ, "ನೀನು ಬಣ್ಣ ಹಚ್ಚುದು ಬಿಡು ಮಾರಾಯ" ಅಂದರು. ಬಿಟ್ಟರೆ ಮತ್ತೆ ಆಟ ಎಂತಕ್ಕೆ?

ಮಧ್ಯಾಹ್ನ ಮಾವ ಬಂದಿದ್ದರು, ಆಟಿ ಅಂತ ಪತ್ರೊಡೆ ಹಿಡಿದುಕೊಂಡು. ಹುಡುಗ ಇನ್ನೂ ಹೊರಟಿರಲಿಲ್ಲ. ಮೇಜಿನ ಮೇಲಿನ ಯುದ್ಧಭೂಮಿ ನೋಡಿ ವಿಷಯ ಕೇಳಿದರು, ಹೇಳಿದೆ. ಮಾವ ಕಂಬಳದ ಹುಚ್ಚಿನವರು.

"ಅಲ್ಲ, ನೇಗಿಲಿನ ಕೋಣವನ್ನೂ ಹಗ್ಗದ ಕೋಣವನ್ನೂ ಒಟ್ಟಿಗೆ ಓಡಿಸುದು ಯಾರು ಹೇಳಿಕೊಟ್ಟದ್ದು ನಿಮಗೆ?"

ನಾನು ಒಂದು ನಿಮಿಷ ಸುಮ್ಮನಾದೆ. ನೇಗಿಲು ವಿಭಾಗ ಹೊಸ ಕೋಣಗಳಿಗೆ, ಹಗ್ಗ ಪಳಗಿದವಕ್ಕೆ. ಅದರಲ್ಲೂ ಹಿರಿಯ, ಕಿರಿಯ ಬೇರೆ. ಎಲ್ಲ ಕೋಣವೂ ಸಮ ಅಂತ ಅಲ್ಲಿ ಯಾರೂ ನಟಿಸುವುದಿಲ್ಲ.

ನಮ್ಮ ಆಟಗಳಲ್ಲೂ ಅಂಥದ್ದೊಂದು ಇದೆ. ಬ್ಲಡ್ ಬೋಲ್, 1986ರದ್ದು, ರಕ್ಕಸರು ಕುಳ್ಳರು ಆಡುವ ಫುಟ್ಬಾಲ್. ಅದರಲ್ಲಿ ಹಾಫ್ಲಿಂಗ್ ಅನ್ನುವ ಪುಟಾಣಿ ಜನರ ತಂಡ ದುರ್ಬಲ, ಬೇಕಂತಲೇ ದುರ್ಬಲ. ಗೆಲ್ಲುವ ಆಸೆಯಿಂದ ಯಾರೂ ಅದನ್ನು ತೆಗೆದುಕೊಳ್ಳುವುದಿಲ್ಲ. ಆದರೆ ಅವರಿಗೊಂದು ರಿಯಾಯಿತಿ ಉಂಟು, ಅಡುಗೆಯವ. ಬೇರೆ ತಂಡದವರು ಈ ಅಡುಗೆಯವನನ್ನು ಕರೆಸಿದರೆ 3 ಲಕ್ಷ ಬಂಗಾರದ ನಾಣ್ಯ, ಹಾಫ್ಲಿಂಗ್‌ಗಳಿಗೆ ಬರೀ 1 ಲಕ್ಷ. ಪ್ರತಿ ಅರ್ಧದ ಶುರುವಿನಲ್ಲಿ ಮೂರು ಡೈಸ್ ಉರುಳಿಸಬೇಕು. 4 ಅಥವಾ ಮೇಲೆ ಬಿದ್ದ ಪ್ರತಿಯೊಂದಕ್ಕೂ ಎದುರು ತಂಡದ ಒಂದು ರೀರೋಲ್, ಅಂದರೆ ಡೈಸ್ ಮತ್ತೊಮ್ಮೆ ಉರುಳಿಸುವ ಅವಕಾಶ, ಇವರ ಪಾಲಾಗುತ್ತದೆ. ಊಟದ ಪರಿಮಳಕ್ಕೆ ಎದುರಿನವರ ಗಮನ ತಪ್ಪಿತು ಅಂತ ಅರ್ಥ ಮಾಡಿಕೊಳ್ಳಬೇಕು. ಉಡುಪಿ ಕಡೆಯ ಯಾವುದೋ ಭಟ್ಟರೇ ಇರಬೇಕು ಅಂತ ನಮ್ಮ ಡಾಕ್ಟರ್ ತಮಾಷೆ ಮಾಡುತ್ತಾರೆ. ಇಂಥ ಅಸಮತೋಲನ ನನಗೆ ಇಷ್ಟ. ನೀನು ದುರ್ಬಲ ಅಂತ ಮುಖಕ್ಕೇ ಹೇಳಿ, ಕೈಗೊಬ್ಬ ಅಡುಗೆಯವನನ್ನು ಕೊಡುತ್ತಾರೆ.

ಮಾವನ ಮಾತಿನ ಮೇಲೆ ಹುಡುಗನ ಹತ್ತಿರ ಚೌಕಾಸಿಗೆ ಕೂತೆ. ದೀಪಾವಳಿ ತನಕ ನಮ್ಮ ಮೇಜಿಗೆ ಹೊಸ ಫೈಲು ಬರುವ ಹಾಗಿಲ್ಲ, ಇವತ್ತಿನ ಪಾಯಿಂಟೇ ಪಾಯಿಂಟ್. ಅದಕ್ಕೆ ಒಪ್ಪಿದ. ಬಣ್ಣ ಹಚ್ಚಿದ ದಳಕ್ಕೆ ಆಟಕ್ಕೊಂದು ರೀರೋಲ್ ಅಂದೆ. ಅದಕ್ಕೆ ಒಪ್ಪಲಿಲ್ಲ.

"ಅದು ನಿಮಗೆ ಬೇಕಾದ ಹಾಗೆ ಆಯ್ತಲ್ಲ ಅಣ್ಣ."

ಹೌದು, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಬೇಕಾದ ಹಾಗೆಯೇ. ಇಡೀ ಸೈನ್ಯಕ್ಕೆ ಒಂದೇ ರೀರೋಲ್ ಅಂತ ಕೊನೆಗೆ ತೀರ್ಮಾನ ಆಯಿತು. ಅದೂ ಮೂರು ಬಣ್ಣಕ್ಕಿಂತ ಕಡಿಮೆ ಇದ್ದರೆ ಇಲ್ಲ. ಈ ಮೂರು ಬಣ್ಣದ ಷರತ್ತು ಅವನೇ ಹಾಕಿದ್ದು.

ಅಷ್ಟರಲ್ಲಿ ಅಮ್ಮ ಚೆನ್ನೆಮಣೆ ತಂದರು. ಆಟಿಯಲ್ಲಿ ಮಾತ್ರ ಅಟ್ಟದಿಂದ ಇಳಿಯುವ ಮಣೆ. 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ, ಇಬ್ಬರಿಗೂ ಒಂದೇ ಸಮ. ಆದರೂ ಇದರಲ್ಲೂ ಜಗಳ ಕಡಿಮೆಯೇನಲ್ಲ. ತುಳು ಜನಪದ ಕಾವ್ಯ ಸಿರಿ ಪಾಡ್ದನದ ಅಬ್ಬಗ ದಾರಗ ಅವಳಿಗಳು ಚೆನ್ನೆ ಆಡುತ್ತಲೇ ಜಗಳಾಡಿ, ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದಲೇ ಹೊಡೆದದ್ದು. ಅಕ್ಕ ತಂಗಿ ಎದುರು ಬದುರು ಕೂತು ಆಡಬಾರದು ಅಂತ ಅಮ್ಮ ಈಗಲೂ ಹೇಳುತ್ತಾರೆ.

ಹುಡುಗ ಮೊದಲ ಆಟ ಸೋತ. ಮೊದಲು ಆಡುವವರಿಗೆ ಲಾಭ ಇರಬೇಕು ಅಂತ ತರ್ಕ ಮಾಡಿದ. ಎರಡನೇ ಸಲ ಅಮ್ಮ ಅವನಿಗೇ ಮೊದಲು ಬಿಟ್ಟುಕೊಟ್ಟರು. ಇನ್ನೂ ಬೇಗ ಸೋತ. ಎಣಿಸಿ ಡಬ್ಬಿಗೆ ಹಾಕುವಾಗ 55 ಇತ್ತು. ಸೋಫಾದ ಅಡಿ, ಚಾಪೆಯ ಅಡಿ ಎಲ್ಲ ಹುಡುಕಿ ಸಿಗದೆ, ಹುಡುಗ ತನ್ನ ಚಿಕ್ಕ ಕೆಂಪು ಡೈಸ್ ಒಂದನ್ನು ಬದಲಿಗೆ ಇಟ್ಟ. ಅಮ್ಮ ಅದನ್ನು ತೆಗೆದು ಅವನ ಕೈಗೆ ಕೊಟ್ಟು, ಅಡುಗೆಮನೆಯಿಂದ ಒಂದು ಹುಣಸೆ ಬೀಜ ತಂದು ಹಾಕಿದರು.